ಸೈಲೆನ್ಸರ್ ಬಿಚ್ಚಿಸಿದ ಚೈನ್‌ಸಾಗೆ ಕಾರ್ಬೊರೇಟರ್ ಹೊಂದಿಸುವುದು ಹೇಗೆ?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಒಂದೇ ವಿಷಯದ್ದು. ಮರ ಕೊಯ್ಯುವ ಮೆಷಿನ್‌ಗೆ ಏನೋ ಒಂದು ‘ಮಾಡಿಸಿದ್ದಾರೆ’, ಆಮೇಲೆ ಅದು ಮೊದಲಿನ ಹಾಗೆ ಓಡುತ್ತಿಲ್ಲ. ಪಂಪ್‌ಸೆಟ್ಟು, ಟಿಲ್ಲರಿನ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಸರ್, ನನ್ನ ಹತ್ತಿರ 58 ಸಿಸಿಯ ಚೈನಾ ಚೈನ್‌ಸಾ ಇದೆ. ತೋಟದ ಸಿಲ್ವರ್ ಓಕ್ ಕೊಯ್ಯುವುದಕ್ಕೆ ತಗೊಂಡದ್ದು. ಪವರ್ ಸಾಲದು ಅಂತ ವೆಲ್ಡಿಂಗ್ ಅಂಗಡಿಯಲ್ಲಿ ಸೈಲೆನ್ಸರ್ ಬಿಚ್ಚಿಸಿ, ಒಳಗಿನ ತಗಡು ತೆಗೆಸಿ, ಹೊಗೆ ಹೋಗುವ ತೂತು ದೊಡ್ಡದು ಮಾಡಿಸಿದೆ. ಈಗ ಸೌಂಡ್ ಸೂಪರ್. ಸುಮ್ನೆ ರೇಸ್ ಕೊಟ್ಟರೆ ಕಿರುಚುತ್ತದೆ. ಆದರೆ ದಪ್ಪ ದಿಮ್ಮಿಗೆ ಇಟ್ಟರೆ ಮೊದಲಿಗಿಂತ ಬೇಗ ಏನೂ ಕೊಯ್ಯುವುದಿಲ್ಲ, ಅರ್ಧ ಟ್ಯಾಂಕ್ ಆಗುವಷ್ಟರಲ್ಲಿ ವಿಪರೀತ ಬಿಸಿಯಾಗಿ ಸುಸ್ತಾಗುತ್ತದೆ. ಕಾರ್ಬೊರೇಟರ್ ಸ್ಕ್ರೂ ತಿರುಗಿಸಬೇಕಂತೆ. ಯಾವುದು, ಎಷ್ಟು, ಯಾವ ಕಡೆಗೆ?
– ಸಕಲೇಶಪುರದ ಓದುಗರು

ಉತ್ತರ: ಸರಿ ಮಾಡುವ ತನಕ ಅದನ್ನು ಇನ್ನೊಂದು ಮರಕ್ಕೆ ಇಡಬೇಡಿ. ನೀವು ಬರೆದದ್ದು ನೋಡಿದರೆ ಎಂಜಿನ್‌ಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಆಗುತ್ತಿದೆ. ಮೆಕ್ಯಾನಿಕ್‌ಗಳು ‘ಲೀನ್’ ಅನ್ನುವುದು ಇದಕ್ಕೇ. ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಪಿಸ್ಟನ್, ರಿಂಗ್, ಬೇರಿಂಗ್ ಎಲ್ಲಕ್ಕೂ ಆಯಿಲ್ ಬರುವುದು ಪೆಟ್ರೋಲ್ ಜೊತೆಯಲ್ಲೇ. ಪೆಟ್ರೋಲ್ ಕಮ್ಮಿಯಾದರೆ ಆಯಿಲೂ ಕಮ್ಮಿ. ಒಳಗೆ ಹೋಗುವ ಪೆಟ್ರೋಲ್ ಆವಿಯಾಗುತ್ತಾ ಪಿಸ್ಟನ್ನನ್ನು ತಂಪು ಮಾಡುವುದೂ ಕಮ್ಮಿ. ಬಿಸಿ ಏರುತ್ತದೆ, ಅಲ್ಯೂಮಿನಿಯಂ ಪಿಸ್ಟನ್ ಹಿಗ್ಗುತ್ತದೆ, ಸಿಲಿಂಡರ್‌ಗೆ ಉಜ್ಜಿ ಗೆರೆ ಬೀಳುತ್ತದೆ, ಕೊನೆಗೆ ಜಾಮ್. ಇದರಲ್ಲಿ ಮೋಸ ಏನೆಂದರೆ ಸಾಯುವುದಕ್ಕೆ ಮುಂಚೆ ಎಂಜಿನ್ ಬಹಳ ಚೆನ್ನಾಗಿ ಕೂಗುತ್ತದೆ. ಆ ಚೂಪು ಸದ್ದನ್ನು ಕೇಳಿ ಪವರ್ ಬಂತು ಅಂದುಕೊಳ್ಳುತ್ತೇವೆ. ಭಾರವಿಲ್ಲದೆ ಸುತ್ತು ಜಾಸ್ತಿ ಆಗುವುದಕ್ಕೂ ಮರದೊಳಗೆ ಎಳೆಯುವ ತಾಕತ್ತಿಗೂ ಸಂಬಂಧ ಇಲ್ಲ, ನಿಮ್ಮ ದಿಮ್ಮಿಯೇ ಅದನ್ನು ಹೇಳಿದೆ ಅಲ್ವಾ.

ಹಳೆ ಆರ್‌ಎಕ್ಸ್ 100 ಇಟ್ಟುಕೊಂಡವರಿಗೆ ಇದು ಗೊತ್ತಿರುವ ಕಥೆ. ಫಿಲ್ಟರ್ ತೆಗೆದು, ಸೈಲೆನ್ಸರ್ ಬದಲಿಸಿ, ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಬಿಡಿಭಾಗ) ಮಾತ್ರ ಹಳೆಯದೇ ಬಿಟ್ಟರೆ ಬೈಕು ಘಾಟಿಯಲ್ಲಿ ಜಾಮ್ ಆಗುತ್ತಿತ್ತು. ಚೈನ್‌ಸಾದಲ್ಲಿ ಸಾಮಾನ್ಯವಾಗಿ ಜೆಟ್ ಬದಲಿಸುವ ಬದಲು ಸ್ಕ್ರೂ ತಿರುಗಿಸುತ್ತೇವೆ, ವ್ಯತ್ಯಾಸ ಅಷ್ಟೇ. ಹೊಗೆ ಸಲೀಸಾಗಿ ಹೊರಗೆ ಹೋದರೆ ಹೊಸ ಗಾಳಿ ಅಷ್ಟೇ ಸಲೀಸಾಗಿ ಒಳಗೆ ಬರುತ್ತದೆ, ಆ ಗಾಳಿಗೆ ತಕ್ಕ ಪೆಟ್ರೋಲನ್ನು ನಾವು ಕೊಡಬೇಕು.

ಸ್ಕ್ರೂ ಮುಟ್ಟುವ ಮುಂಚೆ ಸೈಲೆನ್ಸರ್ ಬಿಚ್ಚಿ, ಆ ಕಿಂಡಿಯಿಂದ ಟಾರ್ಚ್ ಬಿಟ್ಟು, ಹಗ್ಗವನ್ನು ಮೆಲ್ಲಗೆ ಎಳೆಯುತ್ತಾ ಪಿಸ್ಟನ್ ನೋಡಿ. ಬದಿ ನುಣುಪಾಗಿದ್ದು ಸಣ್ಣಗೆ ಹೊಳೆಯುತ್ತಿದ್ದರೆ ಬಚಾವ್. ಮೇಲಿಂದ ಕೆಳಗೆ ಉದ್ದುದ್ದ ಗೀರು ಬಿದ್ದಿದ್ದರೆ ಆಗಲೇ ಒಮ್ಮೆ ಹಿಡಿದಿದೆ ಅಂತ ಅರ್ಥ, ಆಗ ಟ್ಯೂನಿಂಗ್ ಆಮೇಲೆ, ಮೊದಲು ಪಿಸ್ಟನ್ ಕೆಲಸ. ಪಿಸ್ಟನ್ ಸರಿ ಇದ್ದರೆ ಮುಂದಕ್ಕೆ ಹೋಗೋಣ. ಏರ್ ಫಿಲ್ಟರ್ ತೊಳೆದು ಒಣಗಿಸಿ, ಟ್ಯಾಂಕ್ ಒಳಗಿನ ಪೆಟ್ರೋಲ್ ಫಿಲ್ಟರ್ ಹಳೆಯದಾಗಿದ್ದರೆ ಬದಲಿಸಿ, ಅವತ್ತೇ ಕಲಸಿದ ಪೆಟ್ರೋಲ್ ಹಾಕಿ, ಚೈನ್ ಅರ ಹಾಕಿ ಚೂಪು ಮಾಡಿ. ಕೊಳೆ ಫಿಲ್ಟರ್ ಇಟ್ಟುಕೊಂಡು ಟ್ಯೂನ್ ಮಾಡಿದರೆ, ಮುಂದೆ ಫಿಲ್ಟರ್ ತೊಳೆದ ದಿನ ಎಂಜಿನ್ ಮತ್ತೆ ಲೀನ್.

ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್‌ನಲ್ಲಿ ಸಾಮಾನ್ಯವಾಗಿ ಮೂರು ಸ್ಕ್ರೂ ಇರುತ್ತವೆ. ಎಲ್ ಅಂದರೆ ರೇಸ್ ಮುಟ್ಟದೆ ಸ್ಲೋ ಓಡುವಾಗಿನ ಮತ್ತು ರೇಸ್ ಎತ್ತುವಾಗಿನ ಪೆಟ್ರೋಲ್. ಎಚ್ ಅಂದರೆ ಪೂರ್ತಿ ರೇಸ್‌ನಲ್ಲಿ ಸೇರುವ ಪೆಟ್ರೋಲ್. ಮೂರನೆಯದು ಟಿ, ಕೆಲವದರಲ್ಲಿ ಎಲ್‌ಎ ಅಂತ ಬರೆದಿರುತ್ತದೆ, ಅದು ಪೆಟ್ರೋಲ್‌ಗೆ ಸಂಬಂಧಿಸಿದ್ದಲ್ಲ, ಸುಮ್ನೆ ಬಟರ್‌ಫ್ಲೈಯನ್ನು (ಗಾಳಿ ಬರುವ ದಾರಿಯ ತಿರುಗುವ ಮುಚ್ಚಳ) ಸ್ವಲ್ಪ ತೆರೆದು ಹಿಡಿಯುತ್ತದೆ. ಎಲ್ ಮತ್ತು ಎಚ್ ಎರಡನ್ನೂ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಪೆಟ್ರೋಲ್ ಕಮ್ಮಿ, ಎದುರು ದಿಕ್ಕಿಗೆ ತಿರುಗಿಸಿದರೆ ಜಾಸ್ತಿ. ಇದನ್ನು ಮೆಷಿನ್ ಪೆಟ್ಟಿಗೆಯ ಮೇಲೆ ಪೆನ್‌ನಲ್ಲಿ ಬರೆದುಕೊಳ್ಳಿ. ಗಡಿಬಿಡಿಯಲ್ಲಿ ತಿರುಗುಮುರುಗು ಮಾಡುವವರು ಬಹಳ ಜನ.

ಎಂಜಿನ್ ಆಫ್ ಇರುವಾಗ ಎಲ್, ಎಚ್ ಎರಡನ್ನೂ ಮೆತ್ತಗೆ ಪೂರ್ತಿ ಮುಚ್ಚಿ, ತಾಗಿತು ಅನ್ನಿಸಿದ ಕೂಡಲೇ ನಿಲ್ಲಿಸಿ. ಬಿಗಿ ಮಾಡಿದರೆ ಸ್ಕ್ರೂನ ಸೂಜಿಯಂಥ ತುದಿ, ಅದು ಕೂರುವ ಜಾಗ ಎರಡೂ ಹಾಳು, ಆಮೇಲೆ ಆ ಕಾರ್ಬೊರೇಟರ್ ಯಾವತ್ತೂ ಮಾತು ಕೇಳುವುದಿಲ್ಲ. ಮುಚ್ಚುವಾಗ ಎಷ್ಟು ಸುತ್ತು ಹೋಯಿತು ಅಂತ ಎಣಿಸಿ ಬರೆದಿಡಿ, ಅದು ನಿಮ್ಮ ಹಳೆಯ ಸೆಟ್ಟಿಂಗ್. ಈಗ ಎಲ್ ಒಂದು ಸುತ್ತು, ಎಚ್ ಒಂದೂವರೆ ಸುತ್ತು ತೆರೆಯಿರಿ. ಹಳೆಯ ಎಣಿಕೆಯೇ ಅದಕ್ಕಿಂತ ಜಾಸ್ತಿ ಇದ್ದರೆ ಅಲ್ಲಿಂದಲೇ ಶುರು ಮಾಡಿ ಎಚ್ ಕಾಲು ಸುತ್ತು ಹೆಚ್ಚಿಗೆ ತೆರೆಯಿರಿ. ಇದು ಪೆಟ್ರೋಲ್ ಜಾಸ್ತಿ ಇರುವ ‘ರಿಚ್’ ಸ್ಥಿತಿ, ಬೇಕಂತಲೇ. ಪೆಟ್ರೋಲ್ ಜಾಸ್ತಿಯಾದರೆ ಹೊಗೆ ಬರುತ್ತದೆ, ಪ್ಲಗ್ ಕಪ್ಪಾಗುತ್ತದೆ, ಒಳಗಿನ ಸಾಮಾನು ಏನೂ ಹಾಳಾಗುವುದಿಲ್ಲ. ಹಾಗಾಗಿ ಯಾವಾಗಲೂ ಜಾಸ್ತಿಯಿಂದ ಕಮ್ಮಿಯ ಕಡೆಗೆ ಬರಬೇಕು, ಕಮ್ಮಿಯಿಂದ ಜಾಸ್ತಿಯ ಕಡೆಗೆ ಹುಡುಕುತ್ತಾ ಹೋಗಬಾರದು.

ಸ್ಟಾರ್ಟ್ ಮಾಡಿ, ಚೋಕ್ ಪೂರ್ತಿ ತೆಗೆದು, ಸಣ್ಣ ಕೊಂಬೆ ನಾಲ್ಕಾರು ಕೊಯ್ದು ಎಂಜಿನ್ ಚೆನ್ನಾಗಿ ಬಿಸಿ ಮಾಡಿ. ತಣ್ಣಗಿರುವ ಎಂಜಿನ್‌ಗೆ ಮಾಡಿದ ಟ್ಯೂನಿಂಗ್ ಲೆಕ್ಕಕ್ಕಿಲ್ಲ. ಆಮೇಲೆ ಮೊದಲು ಎಲ್. ಅದನ್ನು ಮೆಲ್ಲಗೆ ಆಚೆ ಈಚೆ ತಿರುಗಿಸಿ ಸ್ಲೋ ಎಲ್ಲಿ ಅತಿ ಜೋರಾಗಿ ಓಡುತ್ತದೆಯೋ ಆ ಜಾಗ ಹುಡುಕಿ, ಅಲ್ಲಿಂದ ಅರೆಪಾವು ಸುತ್ತಿನಷ್ಟು, ಅಂದರೆ ಎಂಟನೇ ಒಂದು ಸುತ್ತು, ಪೆಟ್ರೋಲ್ ಜಾಸ್ತಿಯ ಕಡೆಗೆ ಬಿಡಿ. ರೇಸ್ ಥಟ್ಟನೆ ಒತ್ತಿ ನೋಡಿ. ಒಂದು ಕ್ಷಣ ಉಸಿರು ಕಟ್ಟಿದ ಹಾಗೆ ಆಗಿ ಆಮೇಲೆ ಎತ್ತಿದರೆ ಅಥವಾ ನಿಂತೇಹೋದರೆ ಇನ್ನೂ ಸ್ವಲ್ಪ ತೆರೆಯಬೇಕು. ಹೊಗೆ ಉಗುಳಿ ಸೋಮಾರಿ ತರಹ ಎತ್ತಿದರೆ ಸ್ವಲ್ಪ ಮುಚ್ಚಬೇಕು. ಇದಾದ ಮೇಲೆ ಟಿ ಸ್ಕ್ರೂನಿಂದ ಸ್ಲೋ ಹೊಂದಿಸಿ. ಚೈನ್ ಕದಲಬಾರದು, ಎಂಜಿನ್ ನಿಲ್ಲಬಾರದು.

ಎಲ್ ಮುಂಚೆ ಯಾಕೆ ಅಂದರೆ ಹೆಚ್ಚಿನ ಕಾರ್ಬೊರೇಟರ್‌ಗಳಲ್ಲಿ ಪೂರ್ತಿ ರೇಸ್ ಇರುವಾಗಲೂ ಎಲ್ ದಾರಿಯಿಂದ ಒಂದಿಷ್ಟು ಪೆಟ್ರೋಲ್ ಬರುತ್ತಿರುತ್ತದೆ. ಎಚ್ ಸರಿ ಮಾಡಿ ಆಮೇಲೆ ಎಲ್ ಮುಚ್ಚಿದರೆ ಎಚ್ ಸೆಟ್ಟಿಂಗೂ ಕೆಡುತ್ತದೆ.

ಈಗ ಎಚ್. ಚೈನ್ ಬ್ರೇಕ್ ಬಿಟ್ಟಿರಬೇಕು, ಬ್ರೇಕ್ ಹಾಕಿ ಪೂರ್ತಿ ರೇಸ್ ಕೊಟ್ಟರೆ ಕ್ಲಚ್ ಸುಡುತ್ತದೆ. ಬಾರ್ (ಚೈನ್ ಸುತ್ತುವ ಉದ್ದನೆ ಪಟ್ಟಿ) ಎದುರು ಯಾರೂ ನಿಂತಿರಬಾರದು. ಪೂರ್ತಿ ರೇಸ್ ಎರಡು ಮೂರು ಸೆಕೆಂಡು, ಅದಕ್ಕಿಂತ ಜಾಸ್ತಿ ಬೇಡ. ಸದ್ದು ಗೊರಗೊರ ಅಂತ, ಬಾಯಲ್ಲಿ ನೀರು ಮುಕ್ಕಳಿಸಿದ ಹಾಗೆ ಒಡೆದೊಡೆದು ಬರಬೇಕು. ಬರದೆ ಚೂಪಾಗಿ ಕಿರುಚಿದರೆ ಎಚ್ ಇನ್ನೂ ತೆರೆಯಿರಿ. ಗೊರಗೊರ ಬಂದ ಮೇಲೆ ದಿಮ್ಮಿಗೆ ಇಟ್ಟು ನೋಡಿ. ಮರದೊಳಗೆ ಹೋದ ಕೂಡಲೇ ಆ ಗೊರಗೊರ ಹೋಗಿ ಸದ್ದು ನುಣ್ಣಗಾಗಬೇಕು, ಬಾರ್ ಮೇಲಕ್ಕೆತ್ತಿದ ಕೂಡಲೇ ಮತ್ತೆ ಗೊರಗೊರ ಬರಬೇಕು. ಮರದೊಳಗೂ ಗೊರಗುಟ್ಟುತ್ತಿದ್ದರೆ ಎಚ್ ಎಂಟನೇ ಒಂದು ಸುತ್ತು ಮುಚ್ಚಿ ಮತ್ತೆ ಕೊಯ್ಯಿರಿ. ಹೀಗೆ ಚೂರು ಚೂರೇ. ಮರದೊಳಗೆ ನುಣ್ಣಗೆ, ಹೊರಗೆ ಗೊರಗೊರ. ಇಲ್ಲಿಗೆ ಬಂತು ಅಂದರೆ ಕೈ ತೆಗೆಯಿರಿ. ‘ಇನ್ನೊಂದು ಚೂರು ಮುಚ್ಚಿದರೆ ಇನ್ನೂ ಪವರ್ ಬರಬಹುದೇನೋ’ ಅನ್ನುವ ಆಸೆ ಇದೆಯಲ್ಲ, ಬಿಚ್ಚಿಸಿದ ಮೆಷಿನ್‌ಗಳಲ್ಲಿ ಅರ್ಧಕ್ಕರ್ಧ ಪಿಸ್ಟನ್ ಹೋಗುವುದು ಅದರಿಂದಲೇ ಅಂತ ನನ್ನ ಅಭಿಪ್ರಾಯ.

ಪವರ್ ನಿಜವಾಗಿ ಹೆಚ್ಚಿತಾ ಅಂತ ನೋಡಬೇಕಾದರೆ ಅದೇ ದಿಮ್ಮಿ, ಅದೇ ಚೈನ್, ಮೊಬೈಲ್‌ನಲ್ಲಿ ಸ್ಟಾಪ್‌ವಾಚ್. ಕಿವಿಯನ್ನು ನಂಬಬೇಡಿ.

ಪ್ರಶ್ನೆ: ಎಲ್ಲರೂ ‘ಫೋರ್ ಸ್ಟ್ರೋಕ್ ಸೌಂಡ್ ಬರಬೇಕು’ ಅನ್ನುತ್ತಾರೆ. ನಮ್ಮದು ಟೂ ಸ್ಟ್ರೋಕ್ ಮೆಷಿನ್ ಅಲ್ವಾ, ಅದರಲ್ಲಿ ಇದು ಎಲ್ಲಿಂದ ಬಂತು? ನನ್ನ ಕಿವಿಗೆ ಎರಡೂ ಒಂದೇ ತರಹ ಕೇಳುತ್ತದೆ. ಆರ್‌ಪಿಎಂ ಮೀಟರ್ ತಗೊಳ್ಳಬೇಕಾ?
– ಶಿರಸಿ

ಉತ್ತರ: ಪೆಟ್ರೋಲ್ ಜಾಸ್ತಿಯಾದಾಗ ಪ್ರತಿ ಸುತ್ತಿಗೂ ಬೆಂಕಿ ಹಿಡಿಯುವುದಿಲ್ಲ. ಒಂದು ಸುತ್ತು ಬಿಟ್ಟು ಒಂದು ಸುತ್ತು ಹಿಡಿಯುತ್ತದೆ. ಅಂದರೆ ಫೋರ್ ಸ್ಟ್ರೋಕ್ ಎಂಜಿನ್‌ನ ಲಯ, ಅದಕ್ಕೇ ಆ ಹೆಸರು. ಮರದೊಳಗೆ ಭಾರ ಬಿದ್ದಾಗ ಸುತ್ತು ಇಳಿದು ಅದೇ ಮಿಶ್ರಣ ಪ್ರತಿ ಸಲವೂ ಸರಿಯಾಗಿ ಉರಿಯುತ್ತದೆ, ಸದ್ದು ನುಣ್ಣಗಾಗುತ್ತದೆ. ಕಿವಿಗೆ ಗುರುತು ಹತ್ತದಿದ್ದರೆ ಒಂದು ಉಪಾಯ ಇದೆ. ಎಚ್ ಅನ್ನು ಬೇಕಂತಲೇ ಅರ್ಧ ಸುತ್ತು ಜಾಸ್ತಿ ತೆರೆದು ಒಮ್ಮೆ ರೇಸ್ ಕೊಡಿ. ಆ ಅತಿಯಾದ ಗೊರಗೊರ ಕೇಳಿದ ಮೇಲೆ, ಅದು ಕಮ್ಮಿಯಾಗುತ್ತಾ ಬರುವುದನ್ನು ಗುರುತಿಸುವುದು ಸುಲಭ. ಕಿವಿಗೆ ಇಯರ್‌ಮಫ್ ಹಾಕಿಕೊಂಡೇ ಕೇಳಿ. ದೊಡ್ಡ ಮೆಷಿನ್‌ಗಳು 110 ಡೆಸಿಬಲ್ ಸುತ್ತಮುತ್ತ ಕೂಗುತ್ತವೆ, ಸೈಲೆನ್ಸರ್ ಬಿಚ್ಚಿಸಿದರೆ ಇನ್ನೂ ಜಾಸ್ತಿ, ಮಫ್ ಇದ್ದರೂ ಈ ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಗುತ್ತದೆ.

ಮೀಟರ್ ಇದ್ದರೆ ಒಳ್ಳೆಯದು. ಪ್ಲಗ್ ವೈರ್ ಹತ್ತಿರ ಹಿಡಿದರೆ ಅಥವಾ ವೈರ್ ಸುತ್ತಿದರೆ ಓದುವಂಥದ್ದು ಸಾಕು. ಸೆಟ್ಟಿಂಗ್‌ನಲ್ಲಿ ಒಂದು ಸುತ್ತಿಗೆ ಒಂದು ಸ್ಪಾರ್ಕ್ ಅಂತ ಇರಬೇಕು, ಇಲ್ಲದಿದ್ದರೆ ಅರ್ಧವನ್ನೋ ದುಪ್ಪಟ್ಟನ್ನೋ ತೋರಿಸುತ್ತದೆ. ಸ್ಲೋ ಸಾಮಾನ್ಯವಾಗಿ ನಿಮಿಷಕ್ಕೆ 2,700–2,800 ಸುತ್ತಿನ ಹತ್ತಿರ. ಪೂರ್ತಿ ರೇಸ್‌ಗೆ ನಿಮ್ಮ ಮೆಷಿನ್‌ನ ಕೈಪಿಡಿ ನೋಡಿ, ಉದಾಹರಣೆಗೆ ಹಸ್ಕ್‌ವರ್ನಾ 372 ಎಕ್ಸ್‌ಪಿಗೆ 13,500 ಅಂತಿದೆ. ಬಿಚ್ಚಿಸಿದ ಮೆಷಿನ್ ಆ ಅಂಕಿಗಿಂತ ಜಾಸ್ತಿ ತಿರುಗುತ್ತದೆ ಅಂತ ಹೆಮ್ಮೆಪಡಬೇಡಿ. ನಾನಾದರೆ ಅದಕ್ಕಿಂತ ಐನೂರು ಕಮ್ಮಿಗೇ ಬಿಡುತ್ತೇನೆ. ಬೇರಿಂಗ್, ಕನೆಕ್ಟಿಂಗ್ ರಾಡ್ ಎಲ್ಲ ಹಳೆಯವೇ ಅಲ್ವಾ, ಸೈಲೆನ್ಸರ್ ಮಾತ್ರ ತಾನೇ ಹೊಸದು. ಇಷ್ಟಾಗಿ ಮೀಟರ್ ಅಂಕಿಗಿಂತ ಮರದೊಳಗಿನ ಸದ್ದೇ ಕೊನೆಯ ತೀರ್ಪು.

ಪ್ರಶ್ನೆ: ಎಚ್ ಸ್ಕ್ರೂ ಮೂರು ಸುತ್ತು ತೆರೆದರೂ ಗೊರಗೊರ ಬರುವುದೇ ಇಲ್ಲ. ಇನ್ನೂ ತೆರೆಯಲಾ?
– ಕೊಪ್ಪ

ಉತ್ತರ: ಬೇಡ. ಸ್ಕ್ರೂ ಕಳಚಿ ಬೀಳುತ್ತದೆ ಅಷ್ಟೇ. ಪೆಟ್ರೋಲ್ ಎಚ್ ತನಕ ಬಂದು ತಲುಪುತ್ತಲೇ ಇಲ್ಲ ಅಥವಾ ಬೇರೆಲ್ಲಿಂದಲೋ ಕಳ್ಳಗಾಳಿ ನುಗ್ಗುತ್ತಿದೆ. ಟ್ಯಾಂಕ್ ಮುಚ್ಚಳ ಸ್ವಲ್ಪ ಸಡಿಲಿಸಿ ಓಡಿಸಿ ನೋಡಿ, ಆಗ ಸರಿ ಹೋದರೆ ಟ್ಯಾಂಕ್‌ಗೆ ಗಾಳಿ ಹೋಗುವ ಕಿಂಡಿ ಕಟ್ಟಿದೆ. ಇಲ್ಲದಿದ್ದರೆ ಟ್ಯಾಂಕ್‌ನ ಫಿಲ್ಟರ್, ಪೈಪಿನ ಬಿರುಕು, ಕಾರ್ಬೊರೇಟರ್ ಒಳಗಿನ ಬೆರಳುಗುರಿನಷ್ಟು ಸಣ್ಣ ಜಾಲರಿ, ಈ ಸಾಲಿನಲ್ಲಿ ನೋಡುತ್ತಾ ಹೋಗಿ.

ಆಮೇಲೆ ಡಯಾಫ್ರಾಮ್. ಚೈನ್‌ಸಾ ಕಾರ್ಬೊರೇಟರ್‌ನಲ್ಲಿ ಬೈಕಿನ ತರಹ ಫ್ಲೋಟ್ ಇಲ್ಲ. ತಲೆಕೆಳಗು, ಅಡ್ಡ, ಹೇಗೆ ಹಿಡಿದರೂ ಓಡಬೇಕು ಅಂತ ತೆಳ್ಳನೆ ಎರಡು ಪರದೆ ಹಾಕಿರುತ್ತಾರೆ. ಒಂದು ಕ್ರ್ಯಾಂಕ್‌ಕೇಸ್‌ನ ಬಡಿತದಿಂದ ಅಲುಗಾಡಿ ಪಂಪಿನಂತೆ ಪೆಟ್ರೋಲ್ ಎಳೆಯುತ್ತದೆ. ಇನ್ನೊಂದು ಸಣ್ಣ ಲಿವರ್ ಒತ್ತಿ, ಸೂಜಿ ಎತ್ತಿ, ಬೇಕಾದಷ್ಟೇ ಪೆಟ್ರೋಲ್ ಬಿಡುತ್ತದೆ. ಈ ಪರದೆ ಬೆರಳಿಗೆ ಮೆತ್ತಗೆ ಸಿಗಬೇಕು. ಹಳೆಯ ಎಕ್ಸ್‌ರೇ ಹಾಳೆ ತರಹ ಗಟ್ಟಿಯಾಗಿ ಚಟಪಟ ಅಂದರೆ ಎಸೆದು ರಿಪೇರಿ ಕಿಟ್ ಹಾಕಿ. ಹಾಕುವಾಗ ಗ್ಯಾಸ್ಕೆಟ್ ಮತ್ತು ಪರದೆ ಯಾವುದು ಕೆಳಗೆ, ಯಾವುದು ಮೇಲೆ ಅಂತ ಬಿಚ್ಚುವಾಗಲೇ ಫೋಟೋ ತೆಗೆದಿಟ್ಟುಕೊಳ್ಳಿ. ಲಿವರ್ ಎತ್ತರವೂ ಮುಖ್ಯ, ತಗ್ಗಿದ್ದರೆ ಪೆಟ್ರೋಲ್ ಕಮ್ಮಿ ಬರುತ್ತದೆ. ಅದರ ಅಳತೆ ಕಾರ್ಬೊರೇಟರ್ ಕಂಪನಿಗೆ ತಕ್ಕ ಹಾಗೆ ಬೇರೆ ಬೇರೆ, ವಾಲ್ಬ್ರೋದ್ದು ಜಾಮಾಕ್ಕೆ ಆಗುವುದಿಲ್ಲ.

ಪ್ರಶ್ನೆ: ರೇಸ್ ಬಿಟ್ಟ ಮೇಲೂ ಎಂಜಿನ್ ಸ್ವಲ್ಪ ಹೊತ್ತು ಮೇಲೇ ಓಡುತ್ತಿರುತ್ತದೆ, ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ಮೆಷಿನ್ ಬಲಕ್ಕೆ ವಾಲಿಸಿದರೆ ಸ್ಲೋ ಬದಲಾಗುತ್ತದೆ. ಎಲ್ ತಿರುಗಿಸಿ ತಿರುಗಿಸಿ ಸಾಕಾಯಿತು.
– ಯಲ್ಲಾಪುರ

ಉತ್ತರ: ಸ್ಕ್ರೂ ಬಿಡಿ. ನೀವು ಹೇಳಿದ ಎರಡೂ ಲಕ್ಷಣ ಗಾಳಿ ಸೋರಿಕೆಯದ್ದು. ಕಾರ್ಬೊರೇಟರ್ ಮತ್ತು ಸಿಲಿಂಡರ್ ನಡುವಿನ ರಬ್ಬರ್, ಕಾರ್ಬೊರೇಟರ್ ಗ್ಯಾಸ್ಕೆಟ್, ಕ್ರ್ಯಾಂಕ್‌ನ ಎರಡು ಬದಿಯ ಆಯಿಲ್ ಸೀಲ್, ಸಿಲಿಂಡರ್ ಕೆಳಗಿನ ಗ್ಯಾಸ್ಕೆಟ್. ಕಂಪ್ರೆಷನ್ ಹೆಚ್ಚಿಸಲು ಆ ಕೆಳಗಿನ ಗ್ಯಾಸ್ಕೆಟ್ ತೆಗೆಸಿ ಬರೀ ಸೀಲೆಂಟ್ ಹಚ್ಚಿಸಿದ್ದರೆ ಮೊದಲ ಅನುಮಾನ ಅಲ್ಲೇ. (ಹಾಗೆ ತೆಗೆಸಿದವರು ಪಿಸ್ಟನ್ ತಲೆಗೂ ಸಿಲಿಂಡರ್‌ಗೂ ನಡುವಿನ ಸಂದು ಅಳೆಸಿದ್ದೀರಾ? ಪ್ಲಗ್ ತೂತಿನಿಂದ ಸೋಲ್ಡರ್ ತಂತಿ ಬಿಟ್ಟು, ಎಂಜಿನ್ ಒಂದು ಸುತ್ತು ತಿರುಗಿಸಿ, ಚಪ್ಪಟೆಯಾದ ತುದಿಯನ್ನು ಅಳೆಯಬೇಕು. 0.5 ಮಿ.ಮೀ.ಗಿಂತ ಕಮ್ಮಿ ಇದ್ದರೆ ಗ್ಯಾಸ್ಕೆಟ್ ವಾಪಸ್ ಹಾಕಿಸಿ.)

ಸೋರಿಕೆ ಹುಡುಕುವ ಸರಿಯಾದ ದಾರಿ ಅಂದರೆ ಸೈಲೆನ್ಸರ್ ಮತ್ತು ಕಾರ್ಬೊರೇಟರ್ ಕಿಂಡಿಗಳನ್ನು ರಬ್ಬರ್ ಹಾಳೆ ಇಟ್ಟು ಮುಚ್ಚಿ, ಕೈ ಪಂಪಿನಿಂದ 0.5 ಬಾರ್ ಒತ್ತಡಕ್ಕೆ ಗಾಳಿ ತುಂಬಿ, ಪಂಪಿನ ಮೀಟರ್ ಮುಳ್ಳು ಇಳಿಯುತ್ತದಾ ಅಂತ ನೋಡುವುದು. ಸೋಪಿನ ನೀರು ಹಚ್ಚಿದರೆ ಗುಳ್ಳೆ ಎಲ್ಲಿ ಅಂತಲೂ ಕಾಣುತ್ತದೆ. ಆಮೇಲೆ ಗಾಳಿ ಎಳೆದೂ ನೋಡಬೇಕು, ಕೆಲವು ಸೀಲ್ ಒಂದೇ ದಿಕ್ಕಿಗೆ ಸೋರುತ್ತದೆ. ಒಳ್ಳೆಯ ಮೆಕ್ಯಾನಿಕ್ ಹತ್ತಿರ ಈ ಪಂಪ್ ಇರುತ್ತದೆ. ಸೋರುವ ಎಂಜಿನ್‌ಗೆ ಟ್ಯೂನಿಂಗ್ ಮಾಡಿ ಸರಿಹೋಯಿತು ಅಂದವರ ಮೆಷಿನ್ ನೀವು ತಗೊಳ್ಳಬೇಡಿ.

ಪ್ರಶ್ನೆ: ಸೇಫ್ಟಿಗೆ ಅಂತ ನಾನು ಲೀಟರ್‌ಗೆ 20 ಎಂಎಲ್ ಬದಲು 40 ಎಂಎಲ್ 2ಟಿ ಆಯಿಲ್ ಹಾಕುತ್ತೇನೆ. ಅದರಿಂದ ಮಿಕ್ಸ್ ರಿಚ್ ಆಗುತ್ತದೆ ಅಲ್ವಾ, ಎಚ್ ಮುಟ್ಟುವ ಅಗತ್ಯ ಇಲ್ಲ ಅಲ್ವಾ? ಮತ್ತೆ ಈಗಿನ ಎಥನಾಲ್ ಪೆಟ್ರೋಲ್‌ನಿಂದ ತೊಂದರೆ ಇದೆಯಾ?
– ತೀರ್ಥಹಳ್ಳಿ

ಉತ್ತರ: ಮೊದಲನೆಯದು ಉಲ್ಟಾ. ಸ್ಕ್ರೂ ಬಿಡುವ ದ್ರವದ ಪ್ರಮಾಣ ಹೆಚ್ಚುಕಮ್ಮಿ ಅಷ್ಟೇ. ಅದರಲ್ಲಿ ಆಯಿಲ್ ಪಾಲು ಹೆಚ್ಚಿದರೆ ಪೆಟ್ರೋಲ್ ಪಾಲು ಇಳಿಯುತ್ತದೆ. 50 ಪಾಲು ಪೆಟ್ರೋಲ್‌ಗೆ 1 ಪಾಲು ಆಯಿಲ್ ಇದ್ದದ್ದು 25ಕ್ಕೆ 1 ಆದರೆ ಪೆಟ್ರೋಲ್ ಶೇ. 2ರಷ್ಟು ಕಮ್ಮಿ, ಅಂದರೆ ಲೀನ್ ಕಡೆಗೇ ಹೋದ ಹಾಗೆ. ವ್ಯತ್ಯಾಸ ಸಣ್ಣದು, ಆದರೆ ‘ಆಯಿಲ್ ಜಾಸ್ತಿ ಹಾಕಿದ್ದೇನೆ, ಟ್ಯೂನಿಂಗ್ ಬೇಡ’ ಅನ್ನುವ ಧೈರ್ಯ ದೊಡ್ಡ ಖರ್ಚು ತರುತ್ತದೆ. ಬಿಚ್ಚಿಸಿದ ಎಂಜಿನ್‌ಗೆ ಸ್ವಲ್ಪ ಜಾಸ್ತಿ ಆಯಿಲ್, ಲೀಟರ್‌ಗೆ 25 ಎಂಎಲ್ ಹಾಕುವುದಕ್ಕೆ ನನ್ನ ಅಡ್ಡಿ ಇಲ್ಲ. ಒಂದು ಅಳತೆ ಹಿಡಿದು, ಅದರಲ್ಲೇ ಟ್ಯೂನ್ ಮಾಡಿ, ಅದನ್ನೇ ಮುಂದುವರಿಸಿ. ದಿನಕ್ಕೊಂದು ಅಳತೆ ಬೇಡ.

ಎಥನಾಲ್ ವಿಷಯ ಇದಕ್ಕಿಂತ ದೊಡ್ಡದು. ಒಂದು ಕೆಜಿ ಶುದ್ಧ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ಎಥನಾಲ್‌ಗೆ 9 ಕೆಜಿ ಸಾಕು, ಯಾಕೆಂದರೆ ಅದರೊಳಗೇ ಆಮ್ಲಜನಕ ಇದೆ. ಇ20, ಅಂದರೆ ಶೇ. 20 ಎಥನಾಲ್ ಇರುವ ಪೆಟ್ರೋಲ್‌ಗೆ ಈ ಲೆಕ್ಕ 13.5ರ ಹತ್ತಿರ ಬರುತ್ತದೆ. ಅಂದರೆ ಅಷ್ಟೇ ಗಾಳಿಗೆ ಪೆಟ್ರೋಲ್ ಜಾಸ್ತಿ ಬೇಕು. ಹಳೆಯ ಪೆಟ್ರೋಲ್‌ನಲ್ಲಿ ಸರಿ ಇದ್ದ ಸ್ಕ್ರೂ ಇ20ಯಲ್ಲಿ ತಾನಾಗಿಯೇ ಲೀನ್ ಆಗುತ್ತದೆ, ನೀವು ಏನೂ ಮುಟ್ಟದೇ ಇದ್ದರೂ. ಅದರ ಮೇಲೆ ಸೈಲೆನ್ಸರ್ ಬೇರೆ ದೊಡ್ಡದು ಮಾಡಿಸಿದ್ದರೆ ಎರಡೂ ಒಂದೇ ಕಡೆಗೆ ತಳ್ಳುತ್ತವೆ. ಬಹಳಷ್ಟು ಚೈನ್‌ಸಾ ಕೈಪಿಡಿಗಳಲ್ಲಿ ಶೇ. 10ರ ತನಕ ಮಾತ್ರ ಎಥನಾಲ್ ಇರಬಹುದು ಅಂತ ಬರೆದಿದೆ. ಬಂಕ್‌ನಲ್ಲಿ ಸಿಗುವುದು ಇ20 ಅಂದಮೇಲೆ ನಮ್ಮ ಕೈಯಲ್ಲಿರುವುದು ಇಷ್ಟೇ: ಎಚ್ ಅದಕ್ಕೆ ತಕ್ಕಂತೆ ತೆರೆಯಿರಿ, ಒಂದೆರಡು ವಾರಕ್ಕೆ ಆಗುವಷ್ಟೇ ಕಲಸಿ, ಮುಚ್ಚಳ ಬಿಗಿಯಾಗಿರುವ ಕ್ಯಾನ್‌ನಲ್ಲಿಡಿ. ಎಥನಾಲ್ ಗಾಳಿಯ ತೇವ ಹೀರುತ್ತದೆ, ಮಲೆನಾಡಿನ ಮಳೆಗಾಲದಲ್ಲಿ ಅದಕ್ಕೇನು ಬರಗಾಲ. ನೀರು ಜಾಸ್ತಿಯಾದರೆ ಪೆಟ್ರೋಲ್ ಬೇರೆ, ನೀರು-ಎಥನಾಲ್ ಬೇರೆ ಆಗಿ ಕೆಳಗೆ ಕೂರುತ್ತದೆ, ಟ್ಯಾಂಕ್ ಫಿಲ್ಟರ್ ಇರುವುದೂ ಅಲ್ಲೇ. ಕೆಲಸ ಮುಗಿದು ಮೆಷಿನ್ ಅಟ್ಟಕ್ಕೆ ಹಾಕುವ ಮುಂಚೆ ಟ್ಯಾಂಕ್ ಖಾಲಿ ಮಾಡಿ, ಸ್ಲೋನಲ್ಲಿ ತಾನಾಗಿ ನಿಲ್ಲುವ ತನಕ ಓಡಿಸಿ.

ಪ್ರಶ್ನೆ: ಮಡಿಕೇರಿಯಲ್ಲಿ ಚೆನ್ನಾಗಿ ಓಡುವ ಮೆಷಿನ್ ಮಂಗಳೂರಿನ ಅಕ್ಕನ ಮನೆ ತೋಟಕ್ಕೆ ಒಯ್ದರೆ ಬೇರೆ ತರಹ ಕೂಗುತ್ತದೆ. ಭ್ರಮೆಯಾ?
– ಮಡಿಕೇರಿ

ಉತ್ತರ: ಭ್ರಮೆ ಅಲ್ಲ. ಸಾವಿರ ಮೀಟರ್ ಮೇಲೆ ಹೋದರೆ ಗಾಳಿ ಸುಮಾರು ಶೇ. 10ರಷ್ಟು ತೆಳುವಾಗುತ್ತದೆ, ಮಡಿಕೇರಿ ಅದಕ್ಕಿಂತಲೂ ಸ್ವಲ್ಪ ಮೇಲಿದೆ. ಅಲ್ಲಿನ ತೆಳು ಗಾಳಿಗೆ ಹೊಂದಿಸಿದ ಸ್ಕ್ರೂ ಸಮುದ್ರ ಮಟ್ಟದ ದಟ್ಟ ಗಾಳಿಗೆ ಸಾಲುವುದಿಲ್ಲ, ಲೀನ್ ಆಗುತ್ತದೆ. ಕೆಳಗೆ ಇಳಿಸುವಾಗ ಎಚ್ ಎಂಟನೇ ಒಂದು ಸುತ್ತು ತೆರೆದು ಶುರು ಮಾಡಿ, ಮರದಲ್ಲಿ ನೋಡಿ ಸರಿಪಡಿಸಿ. ಮೇಲಕ್ಕೆ ಒಯ್ಯುವಾಗ ಭಯವಿಲ್ಲ, ಹೊಗೆ ಜಾಸ್ತಿ ಬರುತ್ತದೆ ಅಷ್ಟೇ. ಹಾಗೆಯೇ ಮಧ್ಯಾಹ್ನದ ಬಿಸಿಲಲ್ಲಿ ಟ್ಯೂನ್ ಮಾಡಿದ್ದು ಡಿಸೆಂಬರ್ ಬೆಳಗಿನ ಚಳಿಗೆ ಸ್ವಲ್ಪ ಲೀನ್, ತಣ್ಣನೆ ಗಾಳಿಯೂ ದಟ್ಟ.

ಪ್ರಶ್ನೆ: ನನ್ನ ಹೊಸ ಮೆಷಿನ್‌ನಲ್ಲಿ ಎಚ್, ಎಲ್ ಹುಡುಕಿದರೂ ಸಿಗುತ್ತಿಲ್ಲ. ಒಂದೇ ಸ್ಕ್ರೂ ಇದೆ. ಇದಕ್ಕೂ ಸೈಲೆನ್ಸರ್ ದೊಡ್ಡದು ಮಾಡಿಸಬಹುದಾ?
– ಮೂಡಿಗೆರೆ

ಉತ್ತರ: ಒಂದೇ ಇದ್ದರೆ ಅದು ಸ್ಲೋ ಸ್ಕ್ರೂ. ಸ್ಟಿಲ್ ಎಂಎಸ್ 180ರಂಥ ಸಣ್ಣ ಮೆಷಿನ್‌ಗಳ ಹಲವು ಮಾದರಿಗಳಲ್ಲಿ ಜೆಟ್ ಖಾಯಂ, ಹೊಂದಿಸುವ ದಾರಿ ಇಲ್ಲ. ಅದಕ್ಕೆ ಸೈಲೆನ್ಸರ್ ಮುಟ್ಟಿಸಬೇಡಿ. ಮಾಡಿಸಲೇಬೇಕು ಅಂದರೆ ಮೊದಲು ಎಚ್, ಎಲ್ ಎರಡೂ ಇರುವ, ಅದಕ್ಕೆ ಕೂರುವ ಕಾರ್ಬೊರೇಟರ್ ತಂದಿಟ್ಟುಕೊಂಡು ಆಮೇಲೆ ಯೋಚನೆ ಮಾಡಿ. ಸ್ಟಿಲ್‌ನ ಎಂ-ಟ್ರಾನಿಕ್, ಹಸ್ಕ್‌ವರ್ನಾದ ಆಟೋಟ್ಯೂನ್ ಇರುವ ದೊಡ್ಡ ಮೆಷಿನ್‌ಗಳ ಕಥೆ ಬೇರೆ. ಅಲ್ಲಿ ಪೆಟ್ರೋಲನ್ನು ಎಲೆಕ್ಟ್ರಾನಿಕ್ ವಾಲ್ವ್ ತಾನೇ ಹೊಂದಿಸುತ್ತದೆ, ಸಣ್ಣ ಬದಲಾವಣೆಯನ್ನು ತಾನೇ ಸಂಭಾಳಿಸುತ್ತದೆ. ಅದಕ್ಕೂ ಒಂದು ಮಿತಿ ಇದೆ, ಆ ಮಿತಿ ದಾಟಿದರೆ ಕೈಯಿಂದ ತಿರುಗಿಸುವುದಕ್ಕೆ ಏನೂ ಇರುವುದಿಲ್ಲ. ವಾರಂಟಿ ಇದ್ದರೆ ಅದು ಹೋದ ಹಾಗೆಯೇ.

ಪ್ರಶ್ನೆ: ನಾನು ಅಮೆರಿಕದ ಒರೆಗಾನ್‌ನಲ್ಲಿದ್ದೇನೆ. ಚಳಿಗಾಲದ ಸೌದೆಗೆ ಅಂತ ಸೆಕೆಂಡ್ ಹ್ಯಾಂಡ್ ಮೆಷಿನ್ ತಗೊಂಡೆ. ಹಿಂದಿನವರು ಪೋರ್ಟಿಂಗ್ (ಸಿಲಿಂಡರ್‌ನ ಗಾಳಿ, ಹೊಗೆಯ ಕಿಂಡಿಗಳನ್ನು ಕೊರೆದು ತಿದ್ದುವುದು) ಮಾಡಿಸಿದ್ದಾರಂತೆ. ಎಚ್ ಮೇಲೆ ಪ್ಲಾಸ್ಟಿಕ್ ಟೋಪಿ ಇದೆ, ಸ್ವಲ್ಪ ಮಾತ್ರ ತಿರುಗುತ್ತದೆ. ಪೂರ್ತಿ ರೇಸ್‌ನಲ್ಲಿ ಗೊರಗೊರ ಬರುತ್ತದೆ, ಹಾಗಾದರೆ ಎಲ್ಲ ಸರಿ ಇದೆ ಅಂತ ಅಂದುಕೊಳ್ಳಬಹುದಾ?
– ಒರೆಗಾನ್‌ನಲ್ಲಿರುವ ಕನ್ನಡಿಗರು

ಉತ್ತರ: ಹೌದು ಅನ್ನುವ ಮುಂಚೆ ತಡೆಯಿರಿ. ಈಚಿನ ಹಲವು ಮೆಷಿನ್‌ಗಳಲ್ಲಿ ಸ್ಪಾರ್ಕ್ ಕೊಡುವ ಕಾಯಿಲ್‌ನಲ್ಲೇ ವೇಗದ ಮಿತಿ ಇರುತ್ತದೆ. ಆ ಸುತ್ತು ಮುಟ್ಟಿದ ಕೂಡಲೇ ಸ್ಪಾರ್ಕ್ ತಪ್ಪಿಸುತ್ತದೆ. ಆಗ ಬರುವ ಸದ್ದು ಥೇಟ್ ಪೆಟ್ರೋಲ್ ಜಾಸ್ತಿಯಾದ ಗೊರಗೊರದ ಹಾಗೇ ಇರುತ್ತದೆ. ಎಂಜಿನ್ ಲೀನ್ ಆಗಿ ಮಿತಿಗೆ ಬಡಿದುಕೊಳ್ಳುತ್ತಿರುತ್ತದೆ, ನಾವು ರಿಚ್ ಇದೆ ಅಂತ ನೆಮ್ಮದಿಯಾಗಿರುತ್ತೇವೆ. ಪೋರ್ಟಿಂಗ್ ಮಾಡಿದ ಮೆಷಿನ್ ಆ ಮಿತಿಯನ್ನು ಬೇಗ ಮುಟ್ಟುವುದರಿಂದ ನಿಮಗೆ ಇದು ಇನ್ನೂ ಮುಖ್ಯ. ಮೀಟರ್ ಹಿಡಿದು ನೋಡಿ. ಎಚ್ ಸ್ವಲ್ಪ ತೆರೆದಾಗ ಸುತ್ತು ಇಳಿದರೆ ಅದು ನಿಜವಾದ ಗೊರಗೊರ. ತೆರೆದರೂ ಅಂಕಿ ಅಲ್ಲೇ ಅಂಟಿಕೊಂಡಿದ್ದರೆ ಅದು ಕಾಯಿಲ್ ಕೆಲಸ, ಮಿತಿಗಿಂತ ಕೆಳಗೆ ಬರುವ ತನಕ ತೆರೆಯುತ್ತಾ ಹೋಗಿ, ಆಮೇಲೆ ಮರದಲ್ಲಿ ನೋಡಿ.

ಪ್ಲಾಸ್ಟಿಕ್ ಟೋಪಿ ಅಲ್ಲಿನ ಹೊಗೆ ನಿಯಮಕ್ಕಾಗಿ ಹಾಕಿದ್ದು. ಅದನ್ನು ಕಿತ್ತರೆ ನಿಮ್ಮ ಕಡೆಯ ಕ್ಲೀನ್ ಏರ್ ಆಕ್ಟ್ ಪ್ರಕಾರ ತಪ್ಪಾಗುತ್ತದೆ, ಕೀಳಿ ಅಂತ ನಾನು ಬರೆಯುವುದಿಲ್ಲ. ಟೋಪಿ ಬಿಟ್ಟಷ್ಟರಲ್ಲಿ ಪೆಟ್ರೋಲ್ ಸಾಲದಿದ್ದರೆ ಕಂಪನಿಯ ಮೂಲ ಸಿಲಿಂಡರ್ ಮತ್ತು ಸೈಲೆನ್ಸರ್‌ಗೆ ವಾಪಸ್ ಹೋಗುವುದೇ ಸರಿ.

ಪ್ರಶ್ನೆ: ಪ್ಲಗ್ ಬಣ್ಣ ನೋಡಿ ಟ್ಯೂನಿಂಗ್ ಹೇಳಬಹುದಾ?
– ಹೊಸನಗರ

ಉತ್ತರ: ಸ್ವಲ್ಪ ಮಟ್ಟಿಗೆ. ಕಾಫಿ ಪುಡಿ ಬಣ್ಣ ಒಳ್ಳೆಯದು, ಬಿಳುಪು ಲೀನ್, ಒದ್ದೆ ಕಪ್ಪು ರಿಚ್. ಆದರೆ ಪೂರ್ತಿ ರೇಸ್‌ನಲ್ಲಿ ಮರ ಕೊಯ್ಯುತ್ತಾ ಇರುವಾಗಲೇ ಸ್ವಿಚ್ ಆಫ್ ಮಾಡಿ ತೆಗೆದ ಪ್ಲಗ್ ಆಗಿರಬೇಕು. ಹತ್ತು ನಿಮಿಷ ಸ್ಲೋನಲ್ಲಿ ಓಡಿಸಿ ತೆಗೆದ ಪ್ಲಗ್ ಸ್ಲೋ ಕಥೆಯನ್ನಷ್ಟೇ ಹೇಳುತ್ತದೆ. ಎಥನಾಲ್ ಪೆಟ್ರೋಲ್‌ನಲ್ಲಿ ಬಣ್ಣ ಮೊದಲಿನಷ್ಟು ಸರಿಯಾಗಿ ಮೂಡುವುದೂ ಇಲ್ಲ.

ಪ್ರಶ್ನೆ: ಸೈಲೆನ್ಸರ್ ಬಾಯಲ್ಲಿದ್ದ ಸಣ್ಣ ಜಾಲರಿಯನ್ನು ಮೆಕ್ಯಾನಿಕ್ ತೆಗೆದು ಎಸೆದ. ಅದು ಇಲ್ಲದಿದ್ದರೂ ನಡೆಯುತ್ತದಾ?
– ಶೃಂಗೇರಿ

ಉತ್ತರ: ಎಂಜಿನ್‌ಗೆ ನಡೆಯುತ್ತದೆ, ತೋಟಕ್ಕೆ ನಡೆಯುವುದಿಲ್ಲ. ಅದು ಕಿಡಿ ತಡೆಯುವ ಜಾಲರಿ. ಒಳಗೆ ಕಟ್ಟಿದ ಮಸಿ ಕೆಂಡವಾಗಿ ಹಾರುವುದನ್ನು ಅದು ಹಿಡಿಯುತ್ತದೆ. ಫೆಬ್ರುವರಿಯಿಂದ ಏಪ್ರಿಲ್ ತನಕ ತರಗೆಲೆ, ಒಣ ಹುಲ್ಲು ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾ. ಪಕ್ಕದಲ್ಲೇ ಕಾಡು ಬೇರೆ. ಅಮೆರಿಕದ ಸರ್ಕಾರಿ ಕಾಡುಗಳಲ್ಲಿ ಕಿಡಿ ತಡೆ ಇಲ್ಲದ ಚೈನ್‌ಸಾ ಬಳಸುವುದಕ್ಕೇ ಬಿಡುವುದಿಲ್ಲ. ಜಾಲರಿ ಕಟ್ಟಿಕೊಂಡು ಪವರ್ ಇಳಿಯುತ್ತದೆ ಅಂತ ಮೆಕ್ಯಾನಿಕ್ ತೆಗೆದಿರಬಹುದು. ತೆಗೆಯುವ ಬದಲು ತಂತಿ ಬ್ರಷ್‌ನಿಂದ ಉಜ್ಜಿ, ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಮಸಿ ಸುಟ್ಟರೆ ಸಾಕು. ದೊಡ್ಡದು ಮಾಡಿದ ತೂತಿಗೆ ಹಳೆಯ ಜಾಲರಿ ಸಾಲದಿದ್ದರೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಕತ್ತರಿಸಿ, ಸೈಲೆನ್ಸರ್ ಒಳಗಿನಿಂದ ಸ್ಕ್ರೂ ಹಾಕಿ ಕೂರಿಸಿ. ಹೊಸ ತೂತಿನ ಬಾಯಿ ನಿಮ್ಮ ಕೈ ಕಡೆಗೋ, ಪೆಟ್ರೋಲ್ ಟ್ಯಾಂಕ್ ಕಡೆಗೋ, ಪ್ಲಾಸ್ಟಿಕ್ ಕವರ್ ಕಡೆಗೋ ತಿರುಗಿಲ್ಲ ಅಂತ ಹಾಗೇ ಒಮ್ಮೆ ನೋಡಿಬಿಡಿ. ಜಾಲರಿ ಹಾಕಿದ ಮೇಲೆ ಎಚ್ ಇನ್ನೊಮ್ಮೆ ಮರದಲ್ಲಿ ನೋಡಬೇಕು. ಈ ಸಲ ಪೆಟ್ರೋಲ್ ಸ್ವಲ್ಪ ಜಾಸ್ತಿಯಾಗಿರುತ್ತದೆ, ಮರದೊಳಗೂ ಗೊರಗುಟ್ಟಿದರೆ ಒಂದು ಚೂರು ಮುಚ್ಚಿ.